ಹೊಲ ಮಾರಿ ಪ್ಲಾಟು ಕೊಳ್ಳುವ ರೈತರಿಗೆ

ರಾಜೇಶ್ವರದ ಬಸ್ ನಿಲ್ದಾಣದ ಬಳಿಯ ಚಹಾದ ಅಂಗಡಿಗಳಲ್ಲಿ ಹಿಂದೆ ತೊಗರಿ, ಉದ್ದು, ಹೆಸರಿನ ಧಾರಣೆಯ ಮಾತೇ ಮಾತು. ಈಗ ಆ ಮಾತು ಮುಗಿಯುವ ಮೊದಲೇ ಪ್ಲಾಟಿನ ಮಾತು ಬರುತ್ತದೆ. ಹೈದರಾಬಾದು–ಸೋಲಾಪುರ ಹೆದ್ದಾರಿ ನಾಲ್ಕು ಪಥವಾಯಿತು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲು ಹುಮನಾಬಾದಿನ ಮೇಲೆ ಓಡತೊಡಗಿತು. ಅಂದಿನಿಂದ ಹುಮನಾಬಾದಿನ ಕಡೆಗೆ ಹೋದರೂ ಬಸವಕಲ್ಯಾಣದ ಕಡೆಗೆ ಹೋದರೂ ರಸ್ತೆಯ ಬದಿಗೆ ಕಲ್ಲು ನೆಟ್ಟು, ಸುಣ್ಣ ಬಳಿದು, ಬಣ್ಣದ ಹಲಗೆ ನಿಲ್ಲಿಸಿದ ಹೊಲಗಳು ಅಲ್ಲಲ್ಲಿ ಕಾಣುತ್ತವೆ. ನಿನ್ನೆಯ ತನಕ ಜೋಳ ತೂಗಾಡುತ್ತಿದ್ದ ಜಾಗದಲ್ಲಿ ಇಂದು ‘30 x 40’ ಎಂಬ ಅಂಕಿಗಳು ನಿಂತಿವೆ.

ಇದರಲ್ಲಿ ನನಗೆ ಆಶ್ಚರ್ಯವೆನಿಸುವುದು ಮಾರುವವರ ಸಂಗತಿಯಲ್ಲ, ಕೊಳ್ಳುವವರದು. ಈ ಪ್ಲಾಟುಗಳನ್ನು ಪಟ್ಟಣದ ಸಾಹುಕಾರರೇ ಕೊಳ್ಳುತ್ತಾರೆಂದು ನಾವು ತಿಳಿದಿರುತ್ತೇವೆ. ವಿಚಾರಿಸಿದರೆ ಕೊಂಡವರಲ್ಲಿ ಅನೇಕರು ನಮ್ಮಂಥ ರೈತರೇ. ಒಬ್ಬರಿಗೆ ರಸ್ತೆಗೆ ಹೋದ ಹೊಲದ ಪರಿಹಾರ ಬಂದಿರುತ್ತದೆ, ಇನ್ನೊಬ್ಬರು ದೂರದ ಎರಡು ಎಕರೆ ಮಾರಿರುತ್ತಾರೆ, ಮತ್ತೊಬ್ಬರ ಮಗ ಪುಣೆಯಿಂದಲೋ ಹೈದರಾಬಾದಿನಿಂದಲೋ ಹಣ ಕಳಿಸಿರುತ್ತಾನೆ. ಮಣ್ಣಿನ ಸಂಗತಿ ನಮಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು ಎಂಬ ಧೈರ್ಯದಿಂದ ಇವರು ಮುಂದಾಗುತ್ತಾರೆ. ಈ ಧೈರ್ಯವೇ ಅಪಾಯದ್ದು ಎಂದು ನನ್ನ ಅಭಿಪ್ರಾಯ. ಹೊಲ ಬೇರೆ, ಪ್ಲಾಟು ಬೇರೆ. ಹೊಲವು ಕೊಳ್ಳುವವರು ಬಾರದಿದ್ದರೂ ವರ್ಷಕ್ಕೊಂದೋ ಎರಡೋ ಬೆಳೆ ಕೊಡುತ್ತದೆ. ಕಾಗದಪತ್ರ ಸ್ವಲ್ಪ ಹಿಂದುಮುಂದಾದರೂ ಉಳುಮೆ ನಿಲ್ಲುವುದಿಲ್ಲ. ಪ್ಲಾಟಿನಿಂದ ಬರುವುದು ಒಂದೇ ಬೆಳೆ, ಅದೂ ಇನ್ನೊಬ್ಬ ಕೊಳ್ಳಲು ಬಂದ ದಿನ. ಆ ಇನ್ನೊಬ್ಬನು ಮಣ್ಣನ್ನು ಮುಟ್ಟಿ ನೋಡುವುದಿಲ್ಲ, ಕಾಗದವನ್ನು ನೋಡುತ್ತಾನೆ. ಆದ್ದರಿಂದ ಹೊಲದ ಪರೀಕ್ಷೆಯಲ್ಲಿ ಪಳಗಿದ ಕಣ್ಣು ಪ್ಲಾಟಿನ ಪರೀಕ್ಷೆಗೆ ಸಾಲದು.

ಮೊದಲು ಒಂದು ಲೆಕ್ಕ ಮಾಡೋಣ. ಒಂದು ಎಕರೆಗೆ 40 ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ ಎಕರೆಗೆ 43,560 ಚದರ ಅಡಿ. ನಿಯಮದಂತೆ ರಸ್ತೆ, ಚರಂಡಿ, ಉದ್ಯಾನ, ಸಾರ್ವಜನಿಕ ಉಪಯೋಗದ ಜಾಗ ಇವನ್ನೆಲ್ಲ ಬಿಟ್ಟರೆ ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 24,000 ಚದರ ಅಡಿ ಎನ್ನಿ. 30 x 40ರ ಪ್ಲಾಟು 1,200 ಚದರ ಅಡಿಯದು. ಅಂದರೆ ಎಕರೆಗೆ 20 ಪ್ಲಾಟು. ಅದೇ ಎಕರೆಯಲ್ಲಿ ಒಬ್ಬನು 28 ಪ್ಲಾಟು ಕಡಿದು ಮಾರಿದನೆಂದರೆ ಆ ಎಂಟು ಪ್ಲಾಟು ಎಲ್ಲಿಂದ ಬಂದವು? ನಿಮ್ಮ ರಸ್ತೆಯಿಂದ ಬಂದವು, ನಿಮ್ಮ ಚರಂಡಿಯಿಂದ ಬಂದವು. ‘ಬೇರೆಯವರಿಗಿಂತ ಅಗ್ಗ’ ಎಂದು ದಲಾಲರು ಹೇಳಿದಾಗ ಆ ಅಗ್ಗದ ಮೂಲ ಬಹುತೇಕ ಇಲ್ಲಿಯೇ ಇರುತ್ತದೆ. ಎತ್ತಿನ ಬಂಡಿ ತಿರುಗದ ಓಣಿಯಲ್ಲಿ ನಾಳೆ ಇಟ್ಟಿಗೆಯ ಲಾರಿ ಹೇಗೆ ಬಂದೀತು ಎಂದು ಪ್ಲಾಟು ನೋಡಲು ಹೋದ ದಿನವೇ ನಿಂತು ಯೋಚಿಸಬೇಕು.

ಇನ್ನು ನಮ್ಮ ಕಡೆ ಬಹಳವಾಗಿ ನಡೆಯುವ ‘ಗುಂಟೆ ಪ್ಲಾಟಿ’ನ ವ್ಯವಹಾರ. ಜಮೀನು ಇನ್ನೂ ಕೃಷಿಯದೇ ಇರುತ್ತದೆ, ಎನ್.ಎ. ಆಗಿರುವುದಿಲ್ಲ. ಬಾಂಡ್ ಕಾಗದದ ಮೇಲೆ ಬರೆದು, ನೋಟರಿಯ ಮುದ್ರೆ ಹಾಕಿಸಿ, ಇಬ್ಬರು ಸಾಕ್ಷಿದಾರರ ರುಜು ಪಡೆದು ಗುಂಟೆ, ಎರಡು ಗುಂಟೆ ಕೊಡುತ್ತಾರೆ. ಇಲ್ಲವೆ ಮುಖ್ತ್ಯಾರ ಪತ್ರ ಬರೆದುಕೊಟ್ಟು ‘ಇನ್ನು ನೀವೇ ಮಾಲೀಕರು’ ಎನ್ನುತ್ತಾರೆ. ನೂರು ರೂಪಾಯಿ ಮೀರಿದ ಯಾವುದೇ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ಹೇಳುತ್ತವೆ. ಮುಖ್ತ್ಯಾರ ಪತ್ರದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿಯೇ ತೀರ್ಪಿತ್ತಿದೆ. ನೋಟರಿಯ ಮುದ್ರೆಯು ರುಜು ಮಾಡಿದವನು ಇವನೇ ಎಂಬುದಕ್ಕೆ ಸಾಕ್ಷಿಯೇ ಹೊರತು ಜಮೀನು ನಿಮ್ಮದಾಯಿತೆಂಬುದಕ್ಕಲ್ಲ. ಇನ್ನೊಂದು ಬಗೆಯೂ ಉಂಟು: ಹತ್ತಾರು ಜನ ಸೇರಿ ಒಂದು ಎಕರೆಯನ್ನು ಜಂಟಿಯಾಗಿ ಕೃಷಿಭೂಮಿಯೆಂದೇ ನೋಂದಾಯಿಸಿಕೊಳ್ಳುವುದು. ಪಹಣಿಯಲ್ಲಿ ಎಲ್ಲರ ಹೆಸರೂ ಒಟ್ಟಿಗೆ ಇರುತ್ತದೆ, ಯಾರ ಪ್ಲಾಟು ಯಾವುದೆಂದು ಎಲ್ಲಿಯೂ ಇರುವುದಿಲ್ಲ. ನಾಳೆ ಭೂಪರಿವರ್ತನೆಗೆ ಅರ್ಜಿ ಹಾಕಬೇಕಾದರೆ ಅಷ್ಟೂ ಜನರ ರುಜು ಬೇಕು. ಒಬ್ಬ ಮುಂಬಯಿಯಲ್ಲಿ, ಒಬ್ಬ ತೀರಿಕೊಂಡು ಅವನ ನಾಲ್ಕು ಮಕ್ಕಳು ನಾಲ್ಕು ಊರಿನಲ್ಲಿ. ಮುಂದಿನದನ್ನು ನೀವೇ ಊಹಿಸಬಹುದು.

ಕಾಗದ ನೋಡುವುದೆಂದರೆ ಏನು ನೋಡುವುದು? ಪಹಣಿಯಿಂದ ಆರಂಭಿಸಿ. ಅದನ್ನು ಈಗ ಊರಿನ ಯಾವ ಹುಡುಗನ ಮೊಬೈಲಿನಲ್ಲಾದರೂ ಭೂಮಿ ತಂತ್ರಾಂಶದಲ್ಲಿ ನೋಡಬಹುದು. 9ನೆಯ ಕಾಲಮಿನಲ್ಲಿ ಮಾರುವವನ ಹೆಸರು ಒಂಟಿಯಾಗಿದೆಯೋ ಜಂಟಿಯಾಗಿದೆಯೋ ನೋಡಿ. 11ನೆಯ ಕಾಲಮು ಸಾಲ ಮತ್ತು ಇತರ ಹಕ್ಕುಗಳದು. ಸಹಕಾರ ಸಂಘದ ಬೆಳೆಸಾಲ, ಬ್ಯಾಂಕಿನ ಬೋಜಾ, ಕೋರ್ಟಿನ ತಡೆ ಎಲ್ಲವೂ ಸಾಮಾನ್ಯವಾಗಿ ಅಲ್ಲಿ ಕಾಣುತ್ತವೆ. 12ರಲ್ಲಿ ಸಾಗುವಳಿದಾರನ ಹೆಸರು ಬೇರೆಯಾಗಿದ್ದರೆ ಅವನ ಮನೆಗೆ ಹೋಗಿ ಮಾತನಾಡದೆ ಬಯಾನಾ ಕೊಡಬೇಡಿ. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಬಾಂದಿನ ಕಲ್ಲಿನಿಂದ ಕಲ್ಲಿಗೆ ನಡೆಯಬೇಕು. ನಮ್ಮಲ್ಲಿ ಒಂದು ಸರ್ವೆ ನಂಬರಿನ ಹೊಲ ತೋರಿಸಿ ಪಕ್ಕದ ನಂಬರಿನ ಕಾಗದ ಕೊಟ್ಟ ಮಹಾಶಯರೂ ಇದ್ದಾರೆ! ನೀವು ನಿಂತ ಜಾಗದ ಸರ್ವೆ ನಂಬರು ಯಾವುದೆಂದು ತೋರಿಸುವ ‘ದಿಶಾಂಕ್’ ಎಂಬ ಸರ್ಕಾರದ ತಂತ್ರಾಂಶವೂ ಮೊಬೈಲಿನಲ್ಲಿ ಸಿಗುತ್ತದೆ. ಅದು ಮೋಜಣಿಗೆ ಸಮವಲ್ಲ. ಆದರೂ ಇಂಥ ಮೋಸವನ್ನು ನಿಂತಲ್ಲೇ ಹಿಡಿಯಲು ಸಾಕು.

ಋಣಭಾರ ಪತ್ರವನ್ನು ಕನಿಷ್ಠ 30 ವರ್ಷಗಳಿಗೆ ತೆಗೆಸಬೇಕು. 2004ರ ಏಪ್ರಿಲ್ 1ರಿಂದ ಈಚಿನದು ಕಂಪ್ಯೂಟರಿನಲ್ಲಿ ದೊರೆಯುತ್ತದೆ, ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಎಷ್ಟೋ ಜನ ಈಚಿನದನ್ನಷ್ಟೆ ತೆಗೆದುಕೊಂಡು ಸಮಾಧಾನಪಡುತ್ತಾರೆ. ಆದರೆ ಈ ಪತ್ರವು ನೋಂದಣಿಯಾದದ್ದನ್ನು ಮಾತ್ರ ಹೇಳುತ್ತದೆ. ಬಾಯಿಮಾತಿನ ಪಾಲು, ಚಾವಡಿಯಲ್ಲಿ ಕುಳಿತು ಬರೆದ ಪಂಚರ ಕಾಗದ, ಅಕ್ಕತಂಗಿಯರ ಹಕ್ಕು, ಇವು ಯಾವುವೂ ಅದರಲ್ಲಿ ಬರುವುದಿಲ್ಲ.

ಅಕ್ಕತಂಗಿಯರ ಮಾತು ಬಂದದ್ದರಿಂದ ಸ್ವಲ್ಪ ನಿಂತು ಹೇಳಬೇಕು. ನನ್ನ ಹತ್ತಿರದ ಸಂಬಂಧಿಕರೊಬ್ಬರು ಮಗಳ ಮದುವೆಗೆಂದು ಕೂಡಿಟ್ಟ ಹಣದಿಂದ ಪಟ್ಟಣದ ಅಂಚಿನಲ್ಲಿ ಜಾಗ ಕೊಂಡರು. ಇಬ್ಬರು ಅಣ್ಣತಮ್ಮಂದಿರು ಬಂದು ರುಜು ಹಾಕಿಕೊಟ್ಟರು, ನೋಂದಣಿಯೂ ಆಯಿತು, ಊಟವೂ ಆಯಿತು. ನಾಲ್ಕನೆಯ ವರ್ಷ ಕೋರ್ಟಿನಿಂದ ಸಮನ್ಸು ಬಂತು. ಮಾರಿದವರಿಗೆ ಮೂವರು ಅಕ್ಕಂದಿರಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಮಗಳ ಮದುವೆಗೆ ಆ ಜಾಗವನ್ನು ಮಾರಲೂ ಆಗಲಿಲ್ಲ, ಬ್ಯಾಂಕಿನಲ್ಲಿ ಅದರ ಮೇಲೆ ಸಾಲವೂ ಹುಟ್ಟಲಿಲ್ಲ. ಕೊನೆಗೆ ಊರಿನ ಎರಡು ಎಕರೆ ಒತ್ತೆ ಬಿತ್ತು. ಆ ಅಕ್ಕಂದಿರ ಮೇಲೆ ನನಗೆ ಕೋಪವಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲೇ ಕೊಟ್ಟಿತು, ಆಗ ಮದುವೆಯಾಗದಿದ್ದವರಿಗೆ. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂತು. ತಂದೆ ಅಂದು ಜೀವಂತವಾಗಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಆಗಿಹೋದ ಪಾಲು, ಮಾರಾಟಗಳನ್ನು ಮಾತ್ರ ಕೆದಕುವಂತಿಲ್ಲ. ಹೀಗಿರುವಾಗ ಮಾರುವವನ ವಂಶವೃಕ್ಷವನ್ನು ಕೇಳಿ ಪಡೆಯುವುದು ಅವಮಾನದ ಮಾತಲ್ಲ. ‘ನಮ್ಮ ಅಕ್ಕ ಏನೂ ಅನ್ನುವುದಿಲ್ಲ’ ಎಂದು ಮಾರುವವನು ಹೇಳಿದರೆ, ‘ಹಾಗಾದರೆ ಅವರೂ ಬಂದು ರುಜು ಹಾಕಲಿ, ನಾನೇ ಬಸ್ಸಿನ ಖರ್ಚು ಕೊಡುತ್ತೇನೆ’ ಎನ್ನಿ.

ನಮ್ಮ ಭಾಗದ ಜಮೀನಿಗೆ ಇನ್ನೊಂದು ತೊಡಕು ಇದೆ. ಇದು 1948ರ ತನಕ ನಿಜಾಮರ ರಾಜ್ಯ, 1956ರ ನವೆಂಬರ್ 1ರ ತನಕ ಹೈದರಾಬಾದು ರಾಜ್ಯ. 1949ರಲ್ಲಿ ಜಾಗೀರುಗಳು ಹೋದವು, ಬಳಿಕ ಇನಾಮುಗಳ ರದ್ದು, 1974ರ ಮಾರ್ಚ್ 1ರಿಂದ ಉಳುವವನಿಗೆ ಭೂಮಿ. ಒಂದೇ ಹೊಲದ ಮೇಲೆ ಈ ಎಲ್ಲದರ ಗುರುತೂ ಇರಬಹುದು. ಆದ್ದರಿಂದ ಜಮೀನು ಮೂಲದಲ್ಲಿ ಪಟ್ಟಾದ್ದೋ, ಇನಾಮಿನದೋ, ಗುಡಿ ಮಠ ದರ್ಗಾಗಳ ಸೇವೆಗೆ ಬಿಟ್ಟದ್ದೋ, ಗಾಯರಾಣವೋ ಎಂಬುದನ್ನು ಹಳೆಯ ಸೇತವಾರ ಮತ್ತು ಖಾಸ್ರಾ ಪಹಣಿಯ ತನಕ ಹೋಗಿ ನೋಡಬೇಕು. ಉರ್ದು ಓದಬಲ್ಲ ಹಿರಿಯರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ಇದ್ದವರ ಸಹಾಯ ಪಡೆಯಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನಂತೂ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳಲೇಬಾರದು. 1978ರ ಕಾಯಿದೆಯಂತೆ ಅಂಥ ಮಾರಾಟ ಅಸಿಂಧು, ಜಮೀನು ಮೂಲ ಕುಟುಂಬಕ್ಕೆ ಮರಳುತ್ತದೆ. ದೂರು ಕೊಡಲು ಕಾಲದ ಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಬಡವನ ಕೈಯಿಂದ ಅವನ ಒಂದೇ ಆಸರೆಯನ್ನು ಅಗ್ಗಕ್ಕೆ ಕೀಳುವ ವ್ಯವಹಾರವನ್ನು ತಡೆಯಲು ಬಂದ ಕಾನೂನು ಇದು, ಬೇಕಾದದ್ದೇ.

ಪ್ಲಾಟು ಗ್ರಾಮ ಪಂಚಾಯಿತಿಯ ಹದ್ದಿನಲ್ಲಿದ್ದರೆ ಭೂಪರಿವರ್ತನೆಯ ಆದೇಶ, ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ಅನುಮೋದನೆ ಪಡೆದ ವಿನ್ಯಾಸ ನಕ್ಷೆ, ಇ-ಸ್ವತ್ತಿನ ನಮೂನೆ 9 ಮತ್ತು 11 ಇವನ್ನು ಕೇಳಿ. ನಮೂನೆ 11ಬಿ ತೋರಿಸಿದರೆ ಎಚ್ಚರವಾಗಿರಿ. ಅದರರ್ಥ ಪಂಚಾಯಿತಿ ತೆರಿಗೆ ಕಟ್ಟಿಸಿಕೊಳ್ಳುತ್ತಿದೆ ಎಂದಷ್ಟೆ. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರು, ಅಂದರೆ ಸುಮಾರು ಐದು ಗುಂಟೆ ಮೀರಿದ ಬಡಾವಣೆಯನ್ನು ಮಾರಬೇಕಾದರೆ 2016ರ ರೇರಾ ಕಾಯಿದೆಯಂತೆ ಮೊದಲು ನೋಂದಾಯಿಸಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲವೆಂದೂ ಅದರಲ್ಲಿದೆ. ಜೀಪು ಕಳಿಸಿ, ಊಟ ಹಾಕಿಸಿ, ಲಾಟರಿ ಎತ್ತಿ ತಿಂಗಳ ಕಂತಿನಲ್ಲಿ ಪ್ಲಾಟು ಕೊಡುವವರ ಮುಂದೆ ಈ ಒಂದು ಮಾತು ಎತ್ತಿ ನೋಡಿ. ಇವೆಲ್ಲ ತಿಳಿಯದಿದ್ದರೆ ಸುಲಭದ ಪರೀಕ್ಷೆಯೊಂದಿದೆ: ಕಾಗದಗಳ ಪ್ರತಿಯನ್ನು ಹಿಡಿದು ರಾಷ್ಟ್ರೀಕೃತ ಬ್ಯಾಂಕಿಗೆ ಹೋಗಿ, ಈ ಪ್ಲಾಟಿನ ಮೇಲೆ ಮನೆ ಕಟ್ಟಲು ಸಾಲ ಕೊಡುವಿರಾ ಎಂದು ಕೇಳುವುದು. ಸಾಲ ಬೇಡದಿದ್ದರೂ ಕೇಳಿ. ಅವರು ತಲೆಯಾಡಿಸದ ಪ್ಲಾಟನ್ನು ನೀವೂ ಬಿಡಿ.

‘ಐದು ವರ್ಷಕ್ಕೆ ಇಮ್ಮಡಿ’ ಎಂಬ ಮಾತನ್ನೂ ತೂಗಿ ನೋಡೋಣ. ಇಮ್ಮಡಿಯಾದದ್ದು ಉಂಟು, ಅಂಥವರ ಹೆಸರನ್ನೇ ಎಲ್ಲರೂ ಹೇಳುತ್ತಾರೆ. ಸಿಕ್ಕಿಕೊಂಡವರು ಬಾಯಿ ಬಿಡುವುದಿಲ್ಲ. 4 ಲಕ್ಷದ ಪ್ಲಾಟಿಗೆ ಮುದ್ರಾಂಕ ಶುಲ್ಕ ಶೇಕಡಾ 5ರಂತೆ 20,000, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2 ಆದ್ದರಿಂದ 8,000, ಮೇಲೆ ಸೆಸ್ಸು, ದಲಾಲಿ ನೂರಕ್ಕೆ ಎರಡೆಂದರೂ 8,000. ಅಂತೂ 4 ಲಕ್ಷದ ಪ್ಲಾಟು ಕೈಸೇರುವಾಗ 4,36,000 ದಾಟಿರುತ್ತದೆ. ಹತ್ತು ವರ್ಷಕ್ಕೆ 8 ಲಕ್ಷಕ್ಕೆ ಮಾರಿದರೆ ಊರೆಲ್ಲ ಹೊಗಳುತ್ತದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರ 2023ರ ಏಪ್ರಿಲಿನಲ್ಲಿ ಗೊತ್ತುಮಾಡಿದ ದರದಂತೆ 115 ತಿಂಗಳಿಗೆ, ಎಂದರೆ ಹತ್ತು ವರ್ಷ ತುಂಬುವ ಮೊದಲೇ ಇಮ್ಮಡಿಯಾಗುತ್ತಿತ್ತು, ಬೇಲಿಯ ಕಾವಲೂ ಬೇಕಿರಲಿಲ್ಲ. ತೆರಿಗೆ ಅದರ ಬಡ್ಡಿಗೂ ಉಂಟು ನಿಜ. ಪ್ಲಾಟಿಗೂ ಉಂಟೆಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ. ಬಸವಕಲ್ಯಾಣ, ಹುಮನಾಬಾದು ಎರಡರ ಜನಸಂಖ್ಯೆಯೂ 2011ರ ಗಣತಿಯಲ್ಲಿ ಲಕ್ಷದೊಳಗೆ ಇತ್ತು. ಅಂಥ ಪಟ್ಟಣದ ಹದ್ದಿನಿಂದ 2 ಕಿಲೋಮೀಟರಿನ ಆಚೆಗಿರುವ ಸಾಗುವಳಿಯ ಹೊಲ ಮಾರಿದರೆ ಲಾಭದ ಮೇಲೆ ಆದಾಯ ತೆರಿಗೆಯಿಲ್ಲ. ಪ್ಲಾಟಿಗೆ ಈ ವಿನಾಯಿತಿ ಇಲ್ಲ. ಎರಡು ವರ್ಷ ಮೀರಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ 2024ರ ಜುಲೈ 23ರಿಂದ ಶೇಕಡಾ 12.5ರ ದರ. ರಾಜೇಶ್ವರದ ಹೊಲವನ್ನು ಮಾರಿ ಪ್ಲಾಟು ಕೊಂಡವನು ತೆರಿಗೆಯಿಲ್ಲದ ಆಸ್ತಿ ಕೊಟ್ಟು ತೆರಿಗೆಯಿರುವ ಆಸ್ತಿ ತಂದಂತಾಯಿತು.

ಮತ್ತೊಂದು ಸಂಗತಿಯನ್ನು ಪಟ್ಟಣದವರು ಯೋಚಿಸಬೇಕಿಲ್ಲ, ನಾವು ಯೋಚಿಸಬೇಕು. ಮಳೆ ಕೈಕೊಟ್ಟ ವರ್ಷ ನಿಮ್ಮ ತೊಗರಿ ಹೋಗುತ್ತದೆ, ನಿಮ್ಮ ಪ್ಲಾಟು ಕೊಳ್ಳಬೇಕಾದವನ ತೊಗರಿಯೂ ಹೋಗುತ್ತದೆ. ನಿಮಗೆ ಹಣದ ಅಡಚಣೆ ಬಂದ ವರ್ಷವೇ ಸುತ್ತಲಿನ ಹಳ್ಳಿಗಳಲ್ಲಿ ಹತ್ತು ಜನ ಪ್ಲಾಟು ಮಾರಲು ಹೊರಟಿರುತ್ತಾರೆ. ಬಂಗಾರವನ್ನು ಮಧ್ಯಾಹ್ನ ಒತ್ತೆಯಿಟ್ಟು ಸಂಜೆ ಆಸ್ಪತ್ರೆಗೆ ಹಣ ಕಟ್ಟಬಹುದು. ಪ್ಲಾಟಿನಿಂದ ಅದು ಆಗದು. ಆದುದರಿಂದ ಬೀಜ ಗೊಬ್ಬರದ ಹಣ, ಮದುವೆಯ ಹಣ, ಸಾಲ ತೀರಿಸುವ ಹಣ ಇವನ್ನು ಪ್ಲಾಟಿಗೆ ಹಾಕಬಾರದು. ಬೆಳೆಸಾಲ ಎತ್ತಿ ಪ್ಲಾಟಿನ ಕಂತು ಕಟ್ಟುವುದನ್ನಂತೂ ಹುಚ್ಚೆಂದೇ ಕರೆಯುತ್ತೇನೆ. ಹತ್ತು ವರ್ಷ ನೆನಪಾಗದಂಥ ಹಣವಿದ್ದರೆ ಕೊಳ್ಳಿ, ಬೇಡವೆನ್ನುವುದಿಲ್ಲ.

ಬೆಲೆಯನ್ನು ಕಡಿಮೆ ತೋರಿಸಿ ನೋಂದಣಿ ಮಾಡಿಸುವ ಚಟದ ಬಗ್ಗೆ ಬಹಳ ದಿನಗಳಿಂದ ಬರೆಯಬೇಕೆಂದಿದ್ದೆ. 12 ಲಕ್ಷಕ್ಕೆ ಮಾತಾಡಿ 5 ಲಕ್ಷ ಎಂದು ಬರೆಸುತ್ತೇವೆ, ಶುಲ್ಕ ಉಳಿಯಿತೆಂದು ಹಿಗ್ಗುತ್ತೇವೆ. ನಾಳೆ ರಸ್ತೆಗೋ ಕಾಲುವೆಗೋ ಊರಿನ ಹೊಲ ಹೋದಾಗ ಪರಿಹಾರ ಕಟ್ಟುವುದು ಹೇಗೆ? 2013ರ ಭೂಸ್ವಾಧೀನ ಕಾಯಿದೆಯಂತೆ ಹಿಂದಿನ ಮೂರು ವರ್ಷದಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ ನೋಡುತ್ತಾರೆ. ಸರ್ಕಾರದ ಮಾರ್ಗಸೂಚಿ ಬೆಲೆಯನ್ನೂ ನೋಡಿ ಹೆಚ್ಚಿನದನ್ನು ಹಿಡಿಯುತ್ತಾರೆ. ನಾವೇ ಬರೆಸಿದ 5 ಲಕ್ಷದ ಕಾಗದಗಳು ಆಗ ನಮ್ಮ ನೆರೆಯವನ ಎದುರಿಗೆ ಬಂದು ನಿಲ್ಲುತ್ತವೆ. ಆ ಮೇಲೆ ಕಚೇರಿಯ ಮುಂದೆ ಧರಣಿ ಕುಳಿತು ‘ನಮ್ಮ ಹೊಲದ ಬೆಲೆ 12 ಲಕ್ಷ’ ಎಂದು ಕೂಗಿದರೆ ಕಾಗದ ತೋರಿಸಿ ಎನ್ನುತ್ತಾರೆ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ನಿಜವಾದ ಬೆಲೆಯನ್ನೇ ಬರೆಸಿ. ಮೋಸವಾದರೆ ಕೋರ್ಟಿನಲ್ಲಿ ತೋರಿಸಲಿಕ್ಕಾದರೂ ಆ ಲೆಕ್ಕವೊಂದು ಇರುತ್ತದೆ.

ಹೆದ್ದಾರಿಯ ಅಂಚಿನ ಜಾಗದ ಮೇಲೆ ಎಲ್ಲರಿಗೂ ಆಸೆ. ಆದರೆ ರಾಷ್ಟ್ರೀಯ ಹೆದ್ದಾರಿಯ ಮಧ್ಯರೇಖೆಯಿಂದ 40 ಮೀಟರಿನೊಳಗೆ ಕಟ್ಟಡ ಕಟ್ಟಗೊಡುವುದಿಲ್ಲ, ಹೆದ್ದಾರಿಗೆ ನೇರವಾಗಿ ದಾರಿ ತೆಗೆಯಲು ಪ್ರಾಧಿಕಾರದ ಅನುಮತಿ ಬೇಕು. ಅಂಗಡಿ ಹಾಕುವೆನೆಂದು ಕೊಂಡ ಪ್ಲಾಟಿನ ಬಹುಭಾಗ ಈ 40 ಮೀಟರಿನಲ್ಲೇ ಮುಗಿದಿರಲೂಬಹುದು. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ರೈತನಲ್ಲದವನೂ ಹೊಲ ಕೊಳ್ಳಬಹುದಾಗಿದೆ. ಹೊರಗಿನಿಂದ ಬರುವವನು ವಕೀಲನನ್ನು ಕರೆದುಕೊಂಡೇ ಬರುತ್ತಾನೆ. ನಾವೂ ಒಬ್ಬ ವಕೀಲರಿಗೆ ನಾಲ್ಕು ಕಾಸು ಕೊಟ್ಟು ಕಾಗದ ತೋರಿಸಿದರೆ ಕಳೆದುಕೊಳ್ಳುವುದೇನು? ಆ ವಕೀಲರು ಮಾರುವವನು ಕರೆತಂದವರಾಗಿರಬಾರದು, ಅಷ್ಟೆ.

ಕಾಗದವೆಲ್ಲ ಸರಿಯಾಗಿದ್ದರೆ ಕೊನೆಗೆ ಮಣ್ಣಿಗೆ ಬರೋಣ. ಇಲ್ಲಿ ನಮ್ಮ ಕಣ್ಣು ಉಪಯೋಗಕ್ಕೆ ಬರುತ್ತದೆ. ಎರೆಯ ಹೊಲ ಜೋಳಕ್ಕೆ ಒಳ್ಳೆಯದು, ಗೋಡೆಗೆ ಕೆಟ್ಟದ್ದು. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಂತೆ ಬಿರಿಯುತ್ತದೆ. ತಳಪಾಯ ಆಳಕ್ಕೆ ಹೋಗದಿದ್ದರೆ ಎರಡನೆಯ ವರ್ಷವೇ ಗೋಡೆ ಸೀಳುತ್ತದೆ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದ, ತಳದಲ್ಲಿ ಗಂಟೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳ ಪದ್ಧತಿ ಇದೆ. ಇಲ್ಲವೆ ಎರೆಯನ್ನು ತೆಗೆದು ಮೊರಂ ತುಂಬಬೇಕು. ಎರಡಕ್ಕೂ ಖರ್ಚುಂಟು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಬೇಕು. ಪ್ಲಾಟು ತೋರಿಸುವವರು ಸಾಮಾನ್ಯವಾಗಿ ಸುಗ್ಗಿ ಮುಗಿದ ಮೇಲೆ, ನೆಲ ಒಣಗಿ ಹಸನಾಗಿರುವಾಗ ಕರೆದೊಯ್ಯುತ್ತಾರೆ. ಬಯಾನಾ ಕೊಡುವ ಮೊದಲು ಒಂದು ಸಲ ಜೋರು ಮಳೆ ಬಿದ್ದ ಮರುದಿನ ಯಾರಿಗೂ ಹೇಳದೆ ಹೋಗಿ, ಹಳ್ಳದ ನೀರು ಎಲ್ಲಿಯ ತನಕ ಬಂದಿತ್ತೆಂದು ಪಕ್ಕದ ಹೊಲದವನನ್ನು ಕೇಳಿ ಬನ್ನಿ.